ವೇಗಕ್ಕೆ ಬೇಕು ಒಂದು ನೇರ ರಸ್ತೆ, ಒಂದು ಲಿಖಿತ ಒಪ್ಪಿಗೆ

1956ರಲ್ಲಿ ಅಮೆರಿಕದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ಜರ್ಮನಿಯ ಎನ್‌ಎಸ್‌ಯು ಕಂಪನಿ ಒಂದು ಪುಟ್ಟ ಗಾಡಿಯನ್ನು ಓಡಿಸಿತು. ಎಂಜಿನ್ ಬರೀ 50 ಸಿಸಿ. ನಮ್ಮ ಹಳ್ಳಿಗಳಲ್ಲಿ ಹಾಲಿನ ಕ್ಯಾನು ಹೊತ್ತು ಓಡಾಡುತ್ತಿದ್ದ ಲೂನಾದಷ್ಟು. ಸವಾರ ಎಚ್.ಪಿ. ಮ್ಯುಲ್ಲರ್ ಕಾಲು ಮುಂದೆ ಚಾಚಿ, ಬೆನ್ನು ನೆಲಕ್ಕೆ ತಾಗುವ ಹಾಗೆ ಮಲಗಿದ್ದ. ಅವನ ಸುತ್ತ ನುಣುಪಾದ ತಗಡಿನ ಹೊದಿಕೆ. ಆ ಗಾಡಿ ಗಂಟೆಗೆ 196 ಕಿ.ಮೀ. ವೇಗ ಮುಟ್ಟಿತು. ಅದೇ ಬಗೆಯ ಹೊದಿಕೆಯೊಳಗೆ 125 ಸಿಸಿ ಎಂಜಿನ್ ಕೂರಿಸಿದಾಗ ವೇಗ 240 ದಾಟಿತು.

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಹುಡುಗರ ಕೈಯಲ್ಲಿ ಇವತ್ತಿರುವ ಬೈಕುಗಳ ಎಂಜಿನ್ ಆ 50 ಸಿಸಿಗಿಂತ ಮೂರು ಪಟ್ಟು, ನಾಲ್ಕು ಪಟ್ಟು, ಕೆಲವಂತೂ ಏಳು ಪಟ್ಟು ದೊಡ್ಡವು. ಆದರೆ ಅವುಗಳ ವೇಗದ ಪ್ರಯೋಗ ನಡೆಯುವುದು ಎಲ್ಲಿ? ಕಬ್ಬು ಹೇರಿದ ಟ್ರ್ಯಾಕ್ಟರ್‌ಗಳು ಎರಡೆರಡು ಟ್ರೇಲರ್ ಎಳೆದುಕೊಂಡು ತೆವಳುವ ರಸ್ತೆಯಲ್ಲಿ; ಪಂಕ್ಚರ್ ಆದ ಟ್ರೇಲರ್ ದೀಪವಿಲ್ಲದೆ ಕತ್ತಲಲ್ಲಿ ನಿಂತಿರುವ ರಸ್ತೆಯಲ್ಲಿ. ಸೈಲೆನ್ಸರ್ ಬದಲಿಸುತ್ತಾರೆ, ಸದ್ದು ಹೆಚ್ಚುತ್ತದೆ, ವೇಗ ಹೆಚ್ಚಿತೆಂದು ನಂಬುತ್ತಾರೆ. ಪೊಲೀಸರು ದಂಡ ಹಾಕುತ್ತಾರೆ, ಮನೆಯಲ್ಲಿ ಬೈಯುತ್ತಾರೆ. ಮರುವಾರ ಮತ್ತೆ ಅದೇ ಸದ್ದು.

ಬೈಗುಳ ಮತ್ತು ದಂಡದಾಚೆಗೂ ಒಂದು ದಾರಿಯಿದೆ. ಬೈಕಿನ ಎಂಜಿನ್ ಕೂರಿಸಿದ ನಾಲ್ಕು ಗಾಲಿಯ ಪುಟ್ಟ ಕಾರು ಕಟ್ಟಿ, ಅದರ ವೇಗವನ್ನು ನೇರ ಹಾದಿಯಲ್ಲಿ ಅಳೆಯುವ ಕ್ರೀಡೆಯನ್ನು ಈ ಸೀಮೆಗೆ ತರಬೇಕು. ವರ್ಷಕ್ಕೊಂದು ದಿನ, ಮುಚ್ಚಿದ ರಸ್ತೆಯಲ್ಲಿ, ಸರ್ಕಾರದ ಲಿಖಿತ ಒಪ್ಪಿಗೆಯೊಂದಿಗೆ. ಇದಕ್ಕೆ ಬೇಕಾದ ಕೈಗಳೂ ಲೆಕ್ಕವೂ ಇಲ್ಲಿಯೇ ಇವೆ. ಇಲ್ಲದಿರುವುದು ಜಾಗ ಮತ್ತು ಅನುಮತಿ ಎರಡೇ.

ಬೈಕ್ ಎಂಜಿನ್ನಿನ ಕಾರು ಹೊಸ ಕಲ್ಪನೆಯೇನಲ್ಲ. ಇಟಲಿಯ ಪಿಯೆರೊ ತರುಫಿ 1948ರಲ್ಲಿ ‘ತಾರ್ಫ್’ ಎಂಬ ವಿಚಿತ್ರ ಗಾಡಿ ಕಟ್ಟಿದ. ಅಕ್ಕಪಕ್ಕ ಎರಡು ಉದ್ದನೆಯ ಕೊಳವೆಗಳು. ಒಂದರಲ್ಲಿ ಚಾಲಕ, ಇನ್ನೊಂದರಲ್ಲಿ ಮೋಟೊ ಗುಜ್ಜಿ ಬೈಕಿನ 500 ಸಿಸಿ ಎಂಜಿನ್. ಕೊಳವೆಗಳ ಎರಡು ತುದಿಗೆ ಗಾಲಿಗಳು. ಈ ಗಾಡಿಯಿಂದ ಅವನು ತನ್ನ ವರ್ಗದ ವೇಗದ ದಾಖಲೆಗಳನ್ನು ಮುರಿದ. ತರುಫಿ ಓದಿದ್ದು ಎಂಜಿನಿಯರಿಂಗ್, ಓಡಿಸಿದ್ದು ಬೈಕ್ ಮತ್ತು ಕಾರು ಎರಡನ್ನೂ. 1957ರ ಮಿಲ್ಲೆ ಮಿಲ್ಯಾ ರಸ್ತೆ ಪಂದ್ಯವನ್ನು ಗೆದ್ದವನೂ ಅವನೇ.

ಕರ್ನಾಟಕದಲ್ಲೂ ಬೈಕ್ ಎಂಜಿನ್ನಿನ ಕಾರುಗಳು ಓಡಿವೆ. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳ ಅಶ್ವ ರೇಸಿಂಗ್ ತಂಡ ಇಂಥ ಕಾರುಗಳನ್ನು ಕಟ್ಟಿದೆ. ಫಾರ್ಮುಲಾ ವಿದ್ಯಾರ್ಥಿ ಸ್ಪರ್ಧೆಗಳ ನಿಯಮವೇ ಹಾಗಿದೆ: 710 ಸಿಸಿ ಮೀರದ ಎಂಜಿನ್, ಅದು ಎಳೆದುಕೊಳ್ಳುವ ಗಾಳಿಯೆಲ್ಲ 20 ಮಿ.ಮೀ. ತೂತಿನ ಮೂಲಕವೇ ಹೋಗಬೇಕು. ಆದ್ದರಿಂದ ಸಹಜವಾಗಿಯೇ ಎಲ್ಲರ ಕೈ ಬೈಕ್ ಎಂಜಿನ್ನಿನತ್ತ ಹೋಗುತ್ತದೆ. ಆದರೆ ಅವು ತಿರುವು-ಮುರುವಿನ ಹಾದಿಗೆ ಕಟ್ಟಿದ ಕಾರುಗಳು. ನೇರ ಹಾದಿಯ ವೇಗಕ್ಕೆ ಬೇರೆ ಬುದ್ಧಿ ಬೇಕು.

ಆ ಬುದ್ಧಿಯ ಮೊದಲ ಪಾಠ ಗಾಳಿ. ಗಾಡಿಯ ವೇಗ ಎರಡು ಪಟ್ಟಾದರೆ ಗಾಳಿ ಒಡ್ಡುವ ತಡೆ ನಾಲ್ಕು ಪಟ್ಟಾಗುತ್ತದೆ. ಆ ತಡೆಯನ್ನು ಸೀಳಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ವೇಗವನ್ನು ಶೇ 10ರಷ್ಟು ಏರಿಸಲು ಎಂಜಿನ್ನಿನ ಶಕ್ತಿಯನ್ನು ಸುಮಾರು ಮೂರನೇ ಒಂದು ಪಾಲು ಹೆಚ್ಚಿಸಬೇಕು. ಅದಕ್ಕೆ ದುಡ್ಡು ಸುರಿಯಬೇಕು. ಗಾಡಿ ಗಾಳಿಗೆ ಒಡ್ಡುವ ಮೈಯನ್ನು ಅರ್ಧಕ್ಕೆ ಇಳಿಸಿದರೆ ಅದೇ ಎಂಜಿನ್ನಿನಿಂದ ವೇಗ ಸುಮಾರು ಕಾಲು ಭಾಗ ಹೆಚ್ಚುತ್ತದೆ. ಅದಕ್ಕೆ ಬೇಕಿರುವುದು ತಗಡು, ಪೈಪು, ತಾಳ್ಮೆ. ಮ್ಯುಲ್ಲರ್ ಮಲಗಿ ಓಡಿಸಿದ್ದು ಈ ಕಾರಣಕ್ಕೇ.

ಎರಡನೆಯ ಪಾಠ ಗೇರು. ಇಲ್ಲಿ ತುಸು ನಿಂತು ನೋಡಬೇಕು, ಏಕೆಂದರೆ ಗೆಲುವು-ಸೋಲಿನ ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ.

ಮೊದಲ ತಲೆಮಾರಿನ ಕೆಟಿಎಂ 390 ಡ್ಯೂಕ್ ಬೈಕನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 373 ಸಿಸಿ ಎಂಜಿನ್, 9,000 ಆರ್‌ಪಿಎಂನಲ್ಲಿ ಸುಮಾರು 43 ಅಶ್ವಶಕ್ತಿ. ಎಂಜಿನ್ನಿನ ಸುತ್ತು ಗಾಲಿ ಮುಟ್ಟುವ ಮುನ್ನ ಮೂರು ಕಡೆ ಬದಲಾಗುತ್ತದೆ. ಕ್ರ್ಯಾಂಕಿನಿಂದ ಕ್ಲಚ್ಚಿಗೆ ಹೋಗುವಾಗ 2.67ರಿಂದ ಭಾಗವಾಗುತ್ತದೆ. ಆರನೇ ಗೇರಿನ ಅನುಪಾತ 0.84. ಕೊನೆಗೆ ಚೈನು: ಮುಂದೆ 15 ಹಲ್ಲು, ಹಿಂದೆ 45 ಹಲ್ಲು, ಅಂದರೆ 3. ಮೂರನ್ನೂ ಗುಣಿಸಿದರೆ 6.72. ಎಂಜಿನ್ 9,000 ಸುತ್ತು ತಿರುಗಿದಾಗ ಹಿಂದಿನ ಗಾಲಿ ನಿಮಿಷಕ್ಕೆ ಸುಮಾರು 1,340 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಟೈರು 1.92 ಮೀಟರ್ ದಾರಿ ಸವೆಸುತ್ತದೆ ಎಂದಿಟ್ಟುಕೊಂಡರೆ ವೇಗ ಗಂಟೆಗೆ 154 ಕಿ.ಮೀ. ಇನ್ನೂ ಸಾವಿರ ಸುತ್ತು ಹೆಚ್ಚಿಸಿದರೆ 171. ಬೈಕಿಗೆ ಇದು ಸರಿಯಾದ ಲೆಕ್ಕ, ಏಕೆಂದರೆ ಎದೆಯೊಡ್ಡಿ ಕೂತ ಸವಾರನನ್ನು ಹೊತ್ತು ಅದಕ್ಕಿಂತ ಹೆಚ್ಚು ಓಡಲು ಗಾಳಿ ಬಿಡುವುದಿಲ್ಲ.

ಈಗ ಅದೇ ಎಂಜಿನ್ನನ್ನು ಸೊಂಟದೆತ್ತರಕ್ಕೂ ಬಾರದ ಕಿರಿದಾದ ಕಾರಿನೊಳಗೆ ಕೂರಿಸಿ, ಗಾಳಿಯ ತಡೆಯನ್ನು ಬೈಕಿನ ಅರ್ಧಕ್ಕಿಂತ ಕಡಿಮೆ ಮಾಡಿದರೆ, ಕಾಗದದ ಮೇಲೆ 205 ಕಿ.ಮೀ. ಸುತ್ತಮುತ್ತಲಿನ ವೇಗ ಸಾಧ್ಯ. ಆದರೆ ಚೈನಿನ ಹಲ್ಲು 15-45 ಆಗಿಯೇ ಉಳಿದರೆ ಆ ವೇಗ ಎಂದೂ ಬಾರದು. ಎಂಜಿನ್ 170ರ ಆಸುಪಾಸಿನಲ್ಲೇ ತನ್ನ ಮಿತಿ ಮುಟ್ಟಿ ಕೂಗುತ್ತದೆ. ಮುಂದೆ 17, ಹಿಂದೆ 38 ಹಲ್ಲಿನ ಚಕ್ರ ಹಾಕಿದರೆ 9,000 ಸುತ್ತಿಗೆ ಸರಿಯಾಗಿ 207 ಬರುತ್ತದೆ. ಗಾಳಿ ಬಿಡುವ ವೇಗ ಮತ್ತು ಎಂಜಿನ್ ತನ್ನ ಪೂರ್ತಿ ಶಕ್ತಿ ಕೊಡುವ ವೇಗ ಒಂದೇ ಜಾಗದಲ್ಲಿ ಕೂಡಿದವು.

ದುರಾಸೆಯಿಂದ ಹಿಂದಿನ ಚಕ್ರವನ್ನು 32 ಹಲ್ಲಿಗೆ ಇಳಿಸಿದರೆ? ಕಾಗದದ ಮೇಲೆ 246 ಕಿ.ಮೀ. ಕಾಣುತ್ತದೆ. ನೆಲದ ಮೇಲೆ ಕಾರು 38 ಹಲ್ಲಿನಷ್ಟೂ ಓಡುವುದಿಲ್ಲ. 200ರ ಹತ್ತಿರ ಬರುವಾಗ ಎಂಜಿನ್ ಏಳೂವರೆ ಸಾವಿರ ಸುತ್ತಿನ ಕೆಳಗೇ ಉಳಿದಿರುತ್ತದೆ, ಅಲ್ಲಿ ಅದಕ್ಕೆ ಪೂರ್ತಿ ಶಕ್ತಿಯಿಲ್ಲ, ಗಾಳಿ ಅದನ್ನು ಅಲ್ಲಿಯೇ ಹಿಡಿದು ನಿಲ್ಲಿಸುತ್ತದೆ. ಐದರಿಂದ ಆರನೇ ಗೇರಿಗೆ ಬಿದ್ದೊಡನೆ ಕಾರು ಮುಂದೆ ಹೋಗುವ ಬದಲು ವೇಗ ಕಳೆದುಕೊಳ್ಳುವುದು ಇದೇ ತಪ್ಪಿನಿಂದ. ಉಪ್ಪಿನ ನೆಲದಲ್ಲಿ ಗಾಲಿ ಜಾರುವ ಪಾಲನ್ನೂ ಲೆಕ್ಕಕ್ಕೆ ಸೇರಿಸಬೇಕು. ಡಾಂಬರಿನಲ್ಲಿ ಆ ತೊಂದರೆ ಕಡಿಮೆ. ಹೀಗಾಗಿ ವೇಗದ ತಂಡಗಳು ಪೆಟ್ಟಿಗೆಯಲ್ಲಿ ಒಂದೊಂದು ಹಲ್ಲಿನ ವ್ಯತ್ಯಾಸವಿರುವ ಹಲವು ಚಕ್ರಗಳನ್ನು ಒಯ್ಯುತ್ತವೆ. ಬೆಳಗಿನ ಗಾಳಿ ನೋಡಿ ಒಂದು, ಮಧ್ಯಾಹ್ನದ್ದು ನೋಡಿ ಇನ್ನೊಂದು.

ಹಲ್ಲು ಎಣಿಸುವ ಈ ವಿದ್ಯೆ ಮಗ್ಗಗಳ ಊರಾದ ರಬಕವಿ-ಬನಹಟ್ಟಿಗೆ ಪರಕೀಯವೇ? ವಿದ್ಯುತ್ ಮಗ್ಗದ ಮೇಲಿನ ಶಾಫ್ಟ್ ಒಂದು ಸುತ್ತು ತಿರುಗಿದರೆ ಒಂದು ಹೊಕ್ಕಿನ ಎಳೆ ಬೀಳುತ್ತದೆ. ಲಾಳಿ ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಹಾರಬೇಕಾದ್ದರಿಂದ ಕೆಳಗಿನ ಶಾಫ್ಟ್ ಎರಡಕ್ಕೆ ಒಂದರಂತೆ ತಿರುಗುತ್ತದೆ. ಫೋರ್ ಸ್ಟ್ರೋಕ್ ಬೈಕಿನ ಕ್ರ್ಯಾಂಕಿಗೂ ಕ್ಯಾಮ್ ಶಾಫ್ಟಿಗೂ ಇರುವುದು ಇದೇ ಎರಡಕ್ಕೊಂದರ ನಂಟು. ನೇಯ್ದ ಬಟ್ಟೆಯನ್ನು ಸುತ್ತಿಕೊಳ್ಳುವ ಭಾಗದಲ್ಲಿ ಬದಲಾಯಿಸುವ ಹಲ್ಲಿನ ಚಕ್ರವೊಂದಿರುತ್ತದೆ. ಹಲ್ಲಿನ ಸಂಖ್ಯೆ ಬದಲಾದರೆ ಇಂಚಿಗೆ ಬೀಳುವ ಎಳೆಗಳೂ ಬದಲಾಗುತ್ತವೆ, ಸೀರೆ ತೆಳುವೋ ದಟ್ಟವೋ ಎಂಬುದು ಅಲ್ಲಿ ನಿರ್ಧಾರವಾಗುತ್ತದೆ. ಮೋಟರಿನ ಪುಲ್ಲಿ ಸಣ್ಣದು ಮಾಡಿ, ದೊಡ್ಡದು ಮಾಡಿ ಮಗ್ಗದ ವೇಗ ಹದಗೊಳಿಸುವವರು ಪದವಿ ಪಡೆದವರಲ್ಲ. ಆದರೂ ಅನುಪಾತದ ಅರಿವು ಅವರ ಬೆರಳಿನಲ್ಲಿದೆ. ಪಾಲಿಟೆಕ್ನಿಕ್ ಹುಡುಗರು ಪುಸ್ತಕದಲ್ಲಿ ಓದುವ ಗೇರ್ ರೇಷಿಯೊವನ್ನು ಪಕ್ಕದ ಓಣಿಯ ಮಗ್ಗದ ಮುಂದೆ ನಿಂತು ಕಲಿಯಬಹುದು.

ಸೈಕಲ್ ಓಟದವರನ್ನೂ ಮರೆಯುವಂತಿಲ್ಲ. ವಿಜಯಪುರ-ಬಾಗಲಕೋಟೆ ಸೀಮೆ ರಾಜ್ಯಕ್ಕೆ, ದೇಶಕ್ಕೆ ಸೈಕ್ಲಿಸ್ಟ್‌ಗಳನ್ನು ಕೊಟ್ಟ ನೆಲ. ಟ್ರ್ಯಾಕ್ ಸೈಕಲ್ಲಿಗೆ ಒಂದೇ ಗೇರು, ಓಟದ ನಡುವೆ ಬದಲಿಸುವಂತಿಲ್ಲ. ಮುಂದೆ 50, ಹಿಂದೆ 15 ಹಲ್ಲು ಹಾಕಿದರೆ ಪೆಡಲಿನ ಒಂದು ಸುತ್ತಿಗೆ ಸುಮಾರು 7 ಮೀಟರ್. ಮುಂದೆ ಒಂದು ಹಲ್ಲು ಹೆಚ್ಚಾದರೆ ಕಾಲು ಸೋಲುತ್ತದೆ, ಒಂದು ಕಡಿಮೆಯಾದರೆ ಕಾಲು ಬರಿದೇ ಸುತ್ತುತ್ತದೆ. ಕಾಲಿನ ಜಾಗದಲ್ಲಿ ಪಿಸ್ಟನ್ ಇಟ್ಟರೆ ವೇಗದ ಕಾರಿನ ಲೆಕ್ಕ ಸಿದ್ಧ.

ಜಾತ್ರೆಗಳ ತೆರಬಂಡಿ ಸ್ಪರ್ಧೆಯಲ್ಲಿ ಗಾಲಿ ತಿರುಗದಂತೆ ಕಟ್ಟಿದ ಬಂಡಿಯನ್ನು ಎತ್ತುಗಳು ನೆಲದ ಮೇಲೆ ಎಳೆದೊಯ್ಯುತ್ತವೆ. ನಿಗದಿತ ಸಮಯದಲ್ಲಿ ಎಷ್ಟು ದೂರ ಎಂದು ಪಟ್ಟಿ ಹಿಡಿದು ಅಳೆಯುತ್ತಾರೆ. ಬಲವನ್ನು ಅಳೆಯುವ, ಅಳತೆಗೆ ತಲೆಬಾಗುವ ಸಂಸ್ಕೃತಿ ಇಲ್ಲಿ ಮೊದಲಿನಿಂದಲೂ ಇದೆ. ಓಟಕ್ಕೆ ಹೆಸರಾದ ಮುಧೋಳ ನಾಯಿಗಾಗಿ ತಿಮ್ಮಾಪುರದಲ್ಲಿ ಸರ್ಕಾರಿ ಸಂಶೋಧನಾ ಕೇಂದ್ರವೇ ಇದೆ. ವೇಗದ ಹುಚ್ಚಿರುವ ಹುಡುಗರಿಗೂ ಅಷ್ಟು ಗಮನ ಸಿಗಬೇಕು.

ಇನ್ನು ಕಟ್ಟುವ ಕೆಲಸ. ಬೈಕಿನ ಎಂಜಿನ್ನಿಗೆ ಒಂದು ದೊಡ್ಡ ಅನುಕೂಲವಿದೆ: ಎಂಜಿನ್, ಕ್ಲಚ್, ಆರು ಗೇರು ಎಲ್ಲ ಒಂದೇ ಡಬ್ಬಿಯೊಳಗೆ, ನಲವತ್ತು ಕೆ.ಜಿ.ಯೊಳಗೆ. ಅದರಿಂದ ಒಂದು ಚೈನು ಎಳೆದು ಹಿಂದಿನ ಆ್ಯಕ್ಸಲಿಗೆ ಕೊಟ್ಟರಾಯಿತು. ನೇರ ಓಟಕ್ಕೆ ಡಿಫರೆನ್ಷಿಯಲ್ ಬೇಡ. ಎರಡೂ ಗಾಲಿ ಒಂದೇ ಗಟ್ಟಿ ಆ್ಯಕ್ಸಲಿನ ಮೇಲೆ ತಿರುಗಬಹುದು. ಹಿಂದಿನ ಹಲ್ಲಿನ ಚಕ್ರವನ್ನು ಅರ್ಧ ಗಂಟೆಯಲ್ಲಿ ಬದಲಿಸುವಂತೆ ಕೂರಿಸುವುದು ಜಾಣತನ. ಚೈನಿನ ಸುತ್ತ ದಪ್ಪ ತಗಡಿನ ಕವಚ ಕಡ್ಡಾಯ: ಆ ವೇಗದಲ್ಲಿ ತುಂಡಾದ ಚೈನು ಚಾಲಕನ ಬೆನ್ನಿಗೆ ಬಡಿಯಬಾರದು.

ತೊಂದರೆ ಶುರುವಾಗುವುದು ಹೊರಡುವಾಗ. ಬೈಕಿನ ಕ್ಲಚ್ ಇನ್ನೂರೈವತ್ತು ಕೆ.ಜಿ. ಭಾರ ಎಬ್ಬಿಸಲು ಮಾಡಿದ್ದು. ಕಾರು, ಚಾಲಕ, ಅವನನ್ನು ಕಾಯುವ ಪೈಪಿನ ಪಂಜರ ಎಲ್ಲ ಸೇರಿ ಮುನ್ನೂರೈವತ್ತು ಕೆ.ಜಿ. ಆದರೆ, ಅದರ ಮೇಲೆ ಉದ್ದದ ಗೇರೂ ಇದ್ದರೆ, ಮೊದಲ ಐವತ್ತು ಮೀಟರಿನಲ್ಲೇ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬರುತ್ತದೆ. ಬಾನ್‌ವಿಲ್‌ನಲ್ಲಿ ಇದಕ್ಕೊಂದು ಸರಳ ಉಪಾಯ ಮಾಡಿಕೊಂಡಿದ್ದಾರೆ. ಹಿಂದಿನಿಂದ ಒಂದು ಟ್ರಕ್ ಕಾರನ್ನು ನೂಕುತ್ತದೆ. ಕಾರು ಸಾಕಷ್ಟು ವೇಗ ಪಡೆದ ಮೇಲೆ ಚಾಲಕ ಕ್ಲಚ್ ಬಿಡುತ್ತಾನೆ. ಜಮಖಂಡಿಯಲ್ಲಿ ಆ ಕೆಲಸಕ್ಕೆ ಒಂದು ಜೀಪು ಸಾಕು.

ರೇಡಿಯೇಟರೂ ಬೇಡ. ಅದರ ಬಾಯಿ ತೆರೆದಿಟ್ಟರೆ ಗಾಳಿ ನುಗ್ಗಿ ಕಾರನ್ನು ಹಿಡಿದೆಳೆಯುತ್ತದೆ. ಓಟ ಒಂದೆರಡು ನಿಮಿಷದ್ದಾದ್ದರಿಂದ ನೀರಿನ ಟ್ಯಾಂಕ್ ಇಟ್ಟು ಎಂಜಿನ್ ತಂಪಾಗಿಡಬಹುದು. ಭಾರ ಇಳಿಸಬೇಕೆಂಬ ಹಟವೂ ಬೇಡ. ಉಪ್ಪಿನ ಬಯಲಿನ ಗಾಡಿಗಳಿಗೆ ನೆಲ ಹಿಡಿಯಲೆಂದು ಸೀಸದ ತುಂಡುಗಳನ್ನೇ ತುಂಬುವುದುಂಟು. ಆ ಭಾರ ಎಲ್ಲಿ ಕೂರುತ್ತದೆ ಎಂಬುದು ಮಾತ್ರ ಜೀವದ ಪ್ರಶ್ನೆ. ಬಾಣಕ್ಕೆ ಮೊನೆಯಲ್ಲಿ ಭಾರ, ಬಾಲದಲ್ಲಿ ಗರಿ ಇರುವ ಹಾಗೆ ಕಾರಿನ ತೂಕ ಮುಂದಿರಬೇಕು, ಗಾಳಿ ಒತ್ತುವ ಮೈ ಹಿಂದಿರಬೇಕು. ತಲೆಕೆಳಗಾದರೆ ಪಕ್ಕದ ಗಾಳಿಯ ಒಂದು ಹೊಡೆತಕ್ಕೆ ಕಾರು ತಿರುಗಿ ಬೀಳುತ್ತದೆ. 1938ರ ಜನವರಿ 28ರಂದು ಜರ್ಮನಿಯ ಫ್ರಾಂಕ್‌ಫರ್ಟ್-ಡಾರ್ಮ್‌ಸ್ಟಾಟ್ ಹೆದ್ದಾರಿಯಲ್ಲಿ ರುಡೋಲ್ಫ್ ಕರಾಚಿಯೋಲಾ ಗಂಟೆಗೆ 432 ಕಿ.ಮೀ. ಮುಟ್ಟಿದ. ಅದೇ ದಿನ, ಅದೇ ರಸ್ತೆಯಲ್ಲಿ ಆ ದಾಖಲೆ ಮುರಿಯಲು ಹೊರಟ ಬೆರ್ನ್ಟ್ ರೋಸೆಮೆಯರ್ ಸತ್ತ. ಅವನ ಕಾರು ಪಕ್ಕದ ಗಾಳಿಗೆ ಸಿಕ್ಕಿತೆಂದೇ ಬಹುತೇಕರು ಹೇಳುತ್ತಾರೆ.

ಆದ್ದರಿಂದ ಪಂಜರ, ಐದಾರು ಕಡೆ ಬಿಗಿಯುವ ಬೆಲ್ಟ್, ಹೆಲ್ಮೆಟ್, ಬೆಂಕಿ ತಡೆಯುವ ಉಡುಪು, ಹೊರಗಿನಿಂದಲೂ ಎಂಜಿನ್ ಆರಿಸುವ ಸ್ವಿಚ್ ಇವುಗಳಲ್ಲಿ ಒಂದು ಕಡಿಮೆಯಾದರೂ ಕಾರು ಹೊರಡಬಾರದು. ಹಣ ಉಳಿಸಲು ಗುಜರಿಯಿಂದ ಎಂಜಿನ್ ತರಲಿ, ತಪ್ಪಿಲ್ಲ. ದಾಖಲೆ ಇರುವ ಎಂಜಿನ್ ಆಗಿರಲಿ. ಪಂಜರದ ಪೈಪು ಮಾತ್ರ ಹೊಸದೇ ಆಗಬೇಕು, ಬೆಸುಗೆ ಊರಿನ ಅತ್ಯುತ್ತಮ ವೆಲ್ಡರ್ ಕೈಯದ್ದೇ ಆಗಬೇಕು.

ಸಣ್ಣ ಊರಿನ ಲೇತಿನಿಂದ ಇದೆಲ್ಲ ಆದೀತೇ ಎಂದು ಕೇಳುವವರಿಗೆ ಬರ್ಟ್ ಮನ್ರೊ ಉತ್ತರ. ನ್ಯೂಜಿಲೆಂಡಿನ ದಕ್ಷಿಣ ತುದಿಯ ಇನ್ವರ್‌ಕಾರ್ಗಿಲ್ ಊರಿನವನು. 1920ರ ಇಂಡಿಯನ್ ಸ್ಕೌಟ್ ಬೈಕನ್ನು ನಾಲ್ಕು ದಶಕಕ್ಕೂ ಹೆಚ್ಚು ಕಾಲ ತಿದ್ದಿದ. ಪಿಸ್ಟನ್‌ಗಳನ್ನು ಮನೆಯ ಶೆಡ್ಡಿನಲ್ಲೇ ಎರಕ ಹೊಯ್ದ. ಹೊಸದಾಗಿ ಕೊಂಡಾಗ ಗಂಟೆಗೆ ತೊಂಬತ್ತು ಕಿ.ಮೀ. ಕೂಡ ಓಡದಿದ್ದ ಆ ಬೈಕು 1967ರಲ್ಲಿ ಬಾನ್‌ವಿಲ್‌ನಲ್ಲಿ 296 ಕಿ.ಮೀ. ಓಡಿತು. ಆಗ ಅವನಿಗೆ ಅರವತ್ತೆಂಟು ವರ್ಷ. ಭಾರತದ ಹೆಸರೂ ಆ ಬಯಲಿನಲ್ಲಿ ಕೇಳಿಸಿದೆ: 2018ರಲ್ಲಿ ಹದಿನೆಂಟರ ಹುಡುಗಿ ಕೇಯ್ಲಾ ರಿವಾಸ್ ರಾಯಲ್ ಎನ್‌ಫೀಲ್ಡ್‌ನ ಹೊಸ ಎರಡು ಸಿಲಿಂಡರ್ ಬೈಕನ್ನು ಅಲ್ಲಿ ಗಂಟೆಗೆ 250 ಕಿ.ಮೀ. ಮೀರಿ ಓಡಿಸಿದಳು.

ಈ ಸೀಮೆಗೆ ಇನ್ನೊಂದು ಬಲವಿದೆ, ಅದು ಇಂಧನ. ಮುಧೋಳ, ಜಮಖಂಡಿ ಸುತ್ತಿನ ಕಬ್ಬಿನಿಂದ ಸಕ್ಕರೆ ಮಾತ್ರ ಬರುತ್ತಿಲ್ಲ, ಎಥೆನಾಲ್ ಬರುತ್ತಿದೆ. ಪೆಟ್ರೋಲಿಗಿಂತ ಎಥೆನಾಲ್ ಹೆಚ್ಚು ಒತ್ತಡ ತಾಳುತ್ತದೆ, ಸಿಲಿಂಡರಿಗೆ ಹೋಗುವ ಗಾಳಿಯನ್ನು ತಂಪು ಮಾಡುತ್ತದೆ. ಎಂಜಿನ್ನಿನ ಕಂಪ್ರೆಷನ್ ಏರಿಸಿ ಅದೇ ಸಿಸಿಯಿಂದ ಹೆಚ್ಚು ಶಕ್ತಿ ತೆಗೆಯಬಹುದು. ಬದಲಿಗೆ ಅದು ಕುಡಿಯುವುದೂ ಹೆಚ್ಚು: ಪೆಟ್ರೋಲಿಗೆ ಒಂದು ಪಾಲು ಇಂಧನಕ್ಕೆ ಹದಿನಾಲ್ಕೂವರೆ ಪಾಲು ಗಾಳಿಯಾದರೆ ಎಥೆನಾಲಿಗೆ ಒಂಬತ್ತೇ ಪಾಲು. ಕಾರ್ಬೊರೇಟರ್ ಇರುವ ಎಂಜಿನ್ನಿನಲ್ಲಿ ಜೆಟ್ ದೊಡ್ಡದು ಮಾಡಬೇಕು, ರಬ್ಬರ್ ಪೈಪುಗಳನ್ನು ಬದಲಿಸಬೇಕು. ಅದರ ಬೆಂಕಿ ಹಗಲಿನಲ್ಲಿ ಸರಿಯಾಗಿ ಕಾಣುವುದಿಲ್ಲ ಎಂಬ ಎಚ್ಚರವೂ ಬೇಕು. ಕಾರ್ಖಾನೆಯ ಪಕ್ಕದ ಊರಿನ ಹುಡುಗರು, ಅಪ್ಪ ಬೆಳೆದ ಕಬ್ಬಿನ ಇಂಧನದಲ್ಲಿ ಓಡುವ ಕಾರಿಗೆ ಒಂದು ಪ್ರತ್ಯೇಕ ವರ್ಗ ಇಟ್ಟುಕೊಂಡರೆ ಸಕ್ಕರೆ ಕಾರ್ಖಾನೆಗಳು ಪ್ರಾಯೋಜಕರಾಗಲು ಹಿಂಜರಿಯಬಾರದು.

ಕಾನೂನು ಏನನ್ನುತ್ತದೆ? ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಸಾರ್ವಜನಿಕ ಜಾಗದಲ್ಲಿ ವೇಗದ ಪಂದ್ಯವನ್ನು ಅಪರಾಧವೆನ್ನುತ್ತದೆ. 2019ರ ತಿದ್ದುಪಡಿಯ ನಂತರ ಮೊದಲ ತಪ್ಪಿಗೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ ಅದೇ ಸೆಕ್ಷನ್ನಿನ ವಾಕ್ಯದಲ್ಲಿ ‘ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ’ ಎಂಬ ಷರತ್ತಿದೆ. ಒಪ್ಪಿಗೆ ಪಡೆಯುವ ದಾರಿಯನ್ನು ಕಾನೂನು ತಾನೇ ತೆರೆದಿಟ್ಟಿದೆ. ಹೈದರಾಬಾದಿನಲ್ಲಿ 2023ರ ಫೆಬ್ರುವರಿಯಲ್ಲಿ ನಗರದ ಬೀದಿಗಳನ್ನು ಮುಚ್ಚಿ ಫಾರ್ಮುಲಾ ಇ ಓಡಿಸಿದರು. ಚೆನ್ನೈಯಲ್ಲಿ 2024ರಲ್ಲಿ ರಾತ್ರಿ ರೇಸ್ ನಡೆಯಿತು. ಕರ್ನಾಟಕದಲ್ಲೇ ಕೆ-1000 ರ‍್ಯಾಲಿ ಹಲವು ವರ್ಷ ನಡೆದಿದೆ. ಎತ್ತಿನ ಗಾಡಿ ಓಟ, ಕಂಬಳಗಳಿಗಾಗಿ ರಾಜ್ಯ 2017ರಲ್ಲಿ ಕಾಯ್ದೆಯನ್ನೇ ತಿದ್ದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಎತ್ತಿನ ಓಟಕ್ಕೆ ನಿಯಮ ಬರೆಯಲು ಸಾಧ್ಯವಾದ ಸರ್ಕಾರಕ್ಕೆ ಎಂಜಿನ್ನಿನ ಓಟಕ್ಕೆ ಒಂದು ದಿನದ ಒಪ್ಪಿಗೆ ಬರೆಯುವುದು ಕಷ್ಟವಲ್ಲ.

ಇಂಥ ಸ್ಪರ್ಧೆ ಹುಡುಗರನ್ನು ರಸ್ತೆಯಲ್ಲಿ ಇನ್ನಷ್ಟು ಓಡಿಸಲು ಹುರಿದುಂಬಿಸೀತು ಎಂಬ ಆತಂಕ ನ್ಯಾಯವಾದದ್ದೇ. ಅದಕ್ಕೆ ಉತ್ತರ ನಿಯಮದಲ್ಲೇ ಇರಬೇಕು: ಹಿಂದಿನ ವರ್ಷ ರಸ್ತೆಯಲ್ಲಿ ವೇಗದ ದಂಡ ತೆತ್ತವನಿಗೆ ಆ ವರ್ಷ ಚಾಲಕನ ಸೀಟಿಲ್ಲ. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ಬೆಂಗಳೂರಿನ ಹೇಮಂತ್ ಮುದ್ದಪ್ಪ ರಾಷ್ಟ್ರೀಯ ಡ್ರ್ಯಾಗ್ ರೇಸ್ ಪ್ರಶಸ್ತಿಗಳನ್ನು ಸಾಲು ಸಾಲಾಗಿ ಗೆದ್ದಿದ್ದು ಮುಚ್ಚಿದ ಹಾದಿಯಲ್ಲಿ, ಅಳತೆಯ ದೀಪಗಳ ನಡುವೆ. ಹುಡುಗರು ನೋಡಬೇಕಾದ ಮಾದರಿ ಅದು.

ಮೊದಲ ವರ್ಷ 250 ಸಿಸಿ ಮಿತಿ ಇರಲಿ. ಐಟಿಐ, ಡಿಪ್ಲೊಮಾ ತಂಡಗಳಿಗೆ ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನಂಥ ಹಳೆಯ ಸಂಸ್ಥೆ ಪರಿಶೀಲನೆಯ ಹೊಣೆ ಹೊರಲಿ. ಪ್ರತಿ ತಂಡದಲ್ಲಿ ಒಬ್ಬ ಗ್ಯಾರೇಜ್ ಮೇಸ್ತ್ರಿ ಅಥವಾ ಮಗ್ಗದ ಫಿಟ್ಟರ್ ಇರಲೇಬೇಕೆಂಬ ನಿಯಮ ಇರಲಿ. ಎರಡು ಕಿ.ಮೀ. ಓಟಕ್ಕೆ, ಒಂದು ಕಿ.ಮೀ. ನಿಲ್ಲಲು. ಗಾಳಿ ಮತ್ತು ಇಳಿಜಾರಿನ ಲಾಭ ಯಾರಿಗೂ ಸಿಗದಂತೆ ಅಂತರರಾಷ್ಟ್ರೀಯ ದಾಖಲೆಗಳ ಕ್ರಮದಲ್ಲೇ ಒಂದು ಗಂಟೆಯೊಳಗೆ ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆಯಬೇಕು. ಬೀಳಗಿ ಕಡೆಯ ಎರೆನೆಲ ಬೇಸಿಗೆಯಲ್ಲಿ ಬಿರುಕು ಬಿಡುವುದರಿಂದ ಬಯಲು ಉಪಯೋಗಕ್ಕೆ ಬಾರದು, ಡಾಂಬರು ರಸ್ತೆಯೇ ಬೇಕು. ಆಷಾಢದ ಗಾಳಿಯಲ್ಲಿ ಓಡಿಸುವಂತಿಲ್ಲ. ಕಾರ್ಖಾನೆಗಳು ಕಬ್ಬು ನುರಿಸುವ ತಿಂಗಳುಗಳಲ್ಲಿ ರಸ್ತೆ ಮುಚ್ಚಲಾಗದು. ಉಳಿಯುವುದು ಹಂಗಾಮು ಮುಗಿದ ಮೇಲಿನ ಏಪ್ರಿಲ್. ಅದೂ ಬೆಳಗಿನ ಆರರಿಂದ ಒಂಬತ್ತರವರೆಗೆ, ಡಾಂಬರು ಕಾಯುವ ಮುನ್ನ. ಆ ಮೂರು ಗಂಟೆಗಾಗಿ ಈಗಿನಿಂದಲೇ ಕಾಲೇಜುಗಳು ಒಟ್ಟಾಗಿ ಜಿಲ್ಲಾಧಿಕಾರಿಯ ಮೂಲಕ ಸರ್ಕಾರಕ್ಕೆ ಅರ್ಜಿ ಸಲ್ಲಿಸಬೇಕು.